ಬೆಂಗಳೂರಿನ ತೋಟ, ಆಟ, ರಾತ್ರಿ

ನಮ್ಮ ಅಂಜನಾಪುರದ ಹೆಸರು ಸುತ್ತಮುತ್ತಲ ಊರಿಗೆಲ್ಲ ಗೊತ್ತು. ಕುಮುದ್ವತಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಇಲ್ಲಿದೆ. ಮಳೆಗಾಲದಲ್ಲಿ ನೀರು ತುಂಬಿ ಕೋಡಿ ಬಿದ್ದರೆ ಸಾಕು, ಶಿಕಾರಿಪುರದಿಂದ, ಶಿರಾಳಕೊಪ್ಪದಿಂದ ಜನ ನೋಡೋಕೆ ಬರುತ್ತಾರೆ. ನೀರಿನ ಸದ್ದು ಕೇಳಿ ಮಕ್ಕಳು ಕುಣಿಯುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾರುವವರಿಗೂ ಅಂದು ಒಳ್ಳೇ ವ್ಯಾಪಾರ. ಕತ್ತಲಾದ ಮೇಲೆ ಎಲ್ಲರೂ ಮನೆ ಸೇರುತ್ತಾರೆ.

ಇದು ಊರಿನ ಮಾತಾಯಿತು. ಪಟ್ಟಣದ ಜನ ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾರೆ? ರಾತ್ರಿ ಏನು ಮಾಡುತ್ತಾರೆ? ಈ ಪಾಠದಲ್ಲಿ ಬೆಂಗಳೂರಿನ ಬಗ್ಗೆ ಓದೋಣ.

ಬೆಂಗಳೂರೇ ಯಾಕೆ? ಯಾಕಂದರೆ ನಮ್ಮ ಜನ ಅಲ್ಲಿಗೆ ಹೋಗುವುದು ತಪ್ಪುವುದಿಲ್ಲ. ಮಗಳ ಬಾಣಂತನಕ್ಕೆ ತಾಯಿ ಹೋಗುತ್ತಾಳೆ. ದೊಡ್ಡ ಕಾಯಿಲೆ ಬಂದರೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹುಡುಗರು ಹೋಟೆಲಿನ ಕೆಲಸಕ್ಕೆ, ಕಾವಲು ಕೆಲಸಕ್ಕೆ, ಕಂಪನಿ ಕೆಲಸಕ್ಕೆ ಹೋಗಿದ್ದಾರೆ. ಆದರೆ ಹೋಗಿ ಬಂದವರನ್ನು ಕೇಳಿ ನೋಡಿ. "ಹದಿನೈದು ದಿನ ಇದ್ದೆ. ಮಗನ ಮನೆ ಗೋಡೆ ನೋಡಿಕೊಂಡು ಬಂದೆ" ಅನ್ನುವ ತಾಯಂದಿರು ನಮ್ಮಲ್ಲಿ ಬಹಳ ಜನ. ಬಸ್ಸಿನ ಬೋರ್ಡು ಓದೋಕೆ ಬರುತ್ತಿರಲಿಲ್ಲ. "ಎಲ್ಲಾದರೂ ಕಳೆದುಹೋಗ್ತೀಯಾ, ಮನೇಲೇ ಇರಮ್ಮ" ಅಂತ ಮಗ ಹೇಳುತ್ತಿದ್ದ. ಈಗ ನೀವು ಓದಲು ಕಲಿತಿದ್ದೀರಿ. ಮುಂದಿನ ಸಲ ಹೋದಾಗ ಗೋಡೆ ನೋಡುತ್ತಾ ಕೂರಬೇಕಾಗಿಲ್ಲ.

ನಮ್ಮ ಹಳೇ ಪಟ್ಟಣ

ಪಟ್ಟಣ ಅನ್ನೋದು ನಮಗೆ ಹೊಸದೇನಲ್ಲ. ಎಂಟುನೂರು, ಒಂಬೈನೂರು ವರ್ಷದ ಹಿಂದೆ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯೇ ದೊಡ್ಡ ಪಟ್ಟಣ. ಈಗ ಅದು ಕೇದಾರೇಶ್ವರ ದೇವಸ್ಥಾನ ಇರುವ ಸಣ್ಣ ಊರು. ಆಗ ಅಲ್ಲಿ ಕೋಡಿಯ ಮಠ ಅಂತ ಒಂದು ಮಠ ಇತ್ತು. 1162ರ ಒಂದು ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಅಂತ ಹೇಳುತ್ತದೆ. ಅಲ್ಲಿ ವೇದ, ವ್ಯಾಕರಣ, ಕಾವ್ಯ, ನಾಟಕ ಕಲಿಸುತ್ತಿದ್ದರು. ಬಡವರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಹಾಕುತ್ತಿದ್ದರು. ರೋಗಿಗಳಿಗೆ ಔಷಧ ಕೊಡುತ್ತಿದ್ದರು. ಹಾಡುವವರು, ಬಾರಿಸುವವರು, ಕುಣಿಯುವವರು ಬಂದರೂ ಅವರಿಗೆ ಊಟ ಇತ್ತು.

ಇದನ್ನು ಯಾಕೆ ಹೇಳಿದೆವು? ಬಳ್ಳಿಗಾವಿಯಲ್ಲಿ ಬಂದವರಿಗೆ ಅನ್ನ, ಕಲಿಯುವವರಿಗೆ ಪಾಠ, ಕಲಾವಿದರಿಗೆ ನೆರಳು ಸಿಕ್ಕಿತು. ಬೆಂಗಳೂರಿನಲ್ಲಿ ಇದರಲ್ಲಿ ಯಾವುದು ದುಡ್ಡಿಲ್ಲದೆ ಸಿಗುತ್ತದೆ, ಯಾವುದಕ್ಕೆ ದುಡ್ಡು ಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಹೊರಡುವ ಮುಂಚೆ

ಶಿಕಾರಿಪುರದಿಂದ ಬೆಂಗಳೂರಿಗೆ 300 ಕಿಲೋಮೀಟರಿಗೂ ಹೆಚ್ಚು ದೂರ. ಸರ್ಕಾರಿ ಬಸ್ಸುಗಳಿವೆ. ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ರೈಲು ಹತ್ತಿದರೂ ಆಗುತ್ತದೆ.

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಈ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿನ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರು ಸೊನ್ನೆ ರೂಪಾಯಿ ಟಿಕೇಟು ಕೊಡುತ್ತಾರೆ. ಅದನ್ನು ಬಿಸಾಡಬೇಡಿ, ತಪಾಸಣೆಯವರು ಬಂದರೆ ತೋರಿಸಬೇಕು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ, ಮಲಗಿಕೊಂಡು ಹೋಗುವ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸಿಗೆ ಅನ್ವಯಿಸುತ್ತದೆ. ಮೆಟ್ರೋ ರೈಲಿಗೆ ಟಿಕೇಟು ತೆಗೆದುಕೊಳ್ಳಲೇಬೇಕು.

ಹೊರಡುವ ಮುಂಚೆ ಒಂದು ಚೀಟಿ ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ. ಅದರಲ್ಲಿ ನಿಮ್ಮ ಹೆಸರು, ಊರು, ತಾಲ್ಲೂಕು, ಜಿಲ್ಲೆ ಇರಲಿ. ಬೆಂಗಳೂರಿನಲ್ಲಿ ಉಳಿಯುವ ಮನೆಯ ನಂಬರು, ಅಡ್ಡರಸ್ತೆ, ಬಡಾವಣೆ, ಹತ್ತಿರದ ಬಸ್ ಸ್ಟಾಪು ಇರಲಿ. ಎರಡು ಫೋನ್ ನಂಬರು ಇರಲಿ. ಮೊಬೈಲು ಇದೆಯಲ್ಲ, ಚೀಟಿ ಯಾಕೆ ಅಂತೀರಾ? ಮೊಬೈಲಿನ ಚಾರ್ಜು ಮುಗಿಯುತ್ತದೆ. ಚೀಟಿಯ ಚಾರ್ಜು ಮುಗಿಯುವುದಿಲ್ಲ.

ಲಾಲ್‌ಬಾಗ್

ಬೆಂಗಳೂರಿನಲ್ಲಿ ಒಂದೇ ಒಂದು ಜಾಗ ನೋಡೋಕೆ ಹೊತ್ತಿದೆ ಅನ್ನುವುದಾದರೆ ಲಾಲ್‌ಬಾಗಿಗೆ ಹೋಗಿ. ರೈತರ ಮನೆಯವರಿಗೆ ಅದಕ್ಕಿಂತ ಒಳ್ಳೇ ಜಾಗ ಬೇರೆ ಇಲ್ಲ ಅಂತ ನಮಗೆ ಅನ್ನಿಸುತ್ತದೆ.

ಈ ತೋಟವನ್ನು 1760ರಲ್ಲಿ ಹೈದರಾಲಿ ಶುರುಮಾಡಿದ. ಅವನ ಮಗ ಟಿಪ್ಪು ಸುಲ್ತಾನ ಮುಂದುವರಿಸಿದ. ದೂರದ ದೇಶಗಳಿಂದ ಗಿಡ, ಬೀಜ ತರಿಸಿದರು. 1856ರಲ್ಲಿ ಇದು ಸರ್ಕಾರಿ ಸಸ್ಯತೋಟವಾಯಿತು. ಈಗ ಇದರ ವಿಸ್ತಾರ 240 ಎಕರೆ. 240 ಎಕರೆ ಅಂದರೆ ಎಷ್ಟು? ಒಬ್ಬೊಬ್ಬ ರೈತನಿಗೆ ಎರಡು ಎಕರೆ ಗದ್ದೆ ಅಂತ ಇಟ್ಟುಕೊಳ್ಳಿ. 120 ರೈತರ ಗದ್ದೆಯನ್ನು ಸೇರಿಸಿದರೆ ಅಷ್ಟಾಗುತ್ತದೆ. ಅಷ್ಟು ದೊಡ್ಡ ಜಾಗ ಊರಿನ ನಡುವೆ ಉಳಿದುಕೊಂಡಿದೆ.

ಲಾಲ್‌ಬಾಗು ಬರೀ ತಿರುಗಾಡುವ ಜಾಗವಾಗಿರಲಿಲ್ಲ. ಹೊರಗಿನಿಂದ ತಂದ ಬೆಳೆ ನಮ್ಮ ಮಣ್ಣಿಗೆ ಒಗ್ಗುತ್ತದೋ ಇಲ್ಲವೋ ಅಂತ ಅಲ್ಲಿ ಬೆಳೆದು ನೋಡುತ್ತಿದ್ದರು. ಒಗ್ಗಿದರೆ ರೈತರಿಗೆ ಹಂಚುತ್ತಿದ್ದರು. ಸೀಮೆಬದನೆಕಾಯಿ ಪಲ್ಯ ನೀವು ಮಾಡಿರಬಹುದು. ಅದು ಅಮೆರಿಕ ಖಂಡದ ತರಕಾರಿ. ಲಾಲ್‌ಬಾಗಿನಲ್ಲಿ ಕ್ಯಾಮರಾನ್ ಅನ್ನುವ ಅಧಿಕಾರಿ ಇದ್ದ ಕಾಲದಲ್ಲಿ ಅದು ಇಲ್ಲಿ ಬೇರು ಬಿಟ್ಟಿತು. ಆಮೇಲೆ ಜರ್ಮನಿಯ ಕ್ರುಂಬಿಗಲ್ ಬಂದರು. ಸ್ವಾತಂತ್ರ್ಯ ಬಂದ ಮೇಲೆ ಡಾ. ಎಂ.ಎಚ್. ಮರೀಗೌಡರು ತೋಟಗಾರಿಕೆ ಇಲಾಖೆಯನ್ನು ಕಟ್ಟಿದರು. ಹಣ್ಣು, ತರಕಾರಿ ಬೆಳೆಯುವ ರೈತರಿಗೆ ಆ ಇಲಾಖೆಯ ಹೆಸರು ಗೊತ್ತಿರುವುದು ಇಂಥವರ ದುಡಿಮೆಯಿಂದ.

ಒಳಗೆ ಏನೇನು ನೋಡಬೇಕು? ಗಾಜಿನ ಮನೆ ನೋಡಿ. ಅದರ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಕಬ್ಬಿಣದ ಕಂಬ, ಗಾಜಿನ ಚಾವಣಿ. ವರ್ಷಕ್ಕೆ ಎರಡು ಸಲ ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಒಂದು ಜನವರಿಯಲ್ಲಿ, ಗಣರಾಜ್ಯೋತ್ಸವದ ಹೊತ್ತಿಗೆ. ಇನ್ನೊಂದು ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನದ ಹೊತ್ತಿಗೆ. ಆಗ ಬಹಳ ನೂಕುನುಗ್ಗಲು. ಹೂವು ನೋಡಬೇಕು ಅನ್ನುವವರು ವಾರದ ನಡುವೆ ಬೆಳಿಗ್ಗೆಯೇ ಹೋಗುವುದು ಒಳ್ಳೇದು.

ನಮಗೆ ಗಾಜಿನ ಮನೆಗಿಂತ ಹೆಚ್ಚು ಇಷ್ಟವಾಗುವುದು ಅಲ್ಲಿನ ಬಂಡೆ. ಮೇಲೆ ಕೆಂಪೇಗೌಡರ ಕಾಲದ್ದು ಅನ್ನುವ ಸಣ್ಣ ಗೋಪುರ ಇದೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಭೂಮಿಯ ಬಗ್ಗೆ ಓದಿದವರು ಲೆಕ್ಕ ಹಾಕಿದ್ದಾರೆ. ಮನುಷ್ಯ ಹುಟ್ಟುವ ಮುಂಚೆ, ಮರ ಹುಟ್ಟುವ ಮುಂಚೆ ಇದ್ದ ಕಲ್ಲು ಅದು. ಸಂಜೆ ಬಿಸಿಲು ಇಳಿದ ಮೇಲೆ ಅದರ ಮೇಲೆ ಕೂತರೆ ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಕಡಲೆಕಾಯಿ ತಿನ್ನುತ್ತಾ ಊರು ನೋಡಬಹುದು. ಸಿಪ್ಪೆಯನ್ನು ಮಾತ್ರ ಬುಟ್ಟಿಗೆ ಹಾಕಿ.

ಲಾಲ್‌ಬಾಗಿಗೆ ಪ್ರವೇಶ ಶುಲ್ಕ ಇದೆ. ಬೆಳಿಗ್ಗೆ ನಡೆಯಲು ಬರುವವರಿಗೆ ಬಿಟ್ಟಿ ಹೊತ್ತು ಇದೆ. ಯಾವ ಹೊತ್ತಿಗೆ ಬಿಟ್ಟಿ, ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಅಂತ ಬಾಗಿಲ ಹತ್ತಿರ ಬರೆದಿರುತ್ತಾರೆ. ಓದಿಕೊಂಡೇ ದುಡ್ಡು ಕೊಡಿ. ಇನ್ನೊಂದು ಮಾತು. ತೋಟಕ್ಕೆ ನಾಲ್ಕು ದಿಕ್ಕಿಗೂ ಬಾಗಿಲಿದೆ. ಪಶ್ಚಿಮ ದ್ವಾರದಿಂದ ಒಳಗೆ ಹೋಗಿ ಪೂರ್ವ ದ್ವಾರದಿಂದ ಹೊರಗೆ ಬಂದರೆ ಬೇರೆಯೇ ಊರಿಗೆ ಬಂದ ಹಾಗೆ ಅನ್ನಿಸುತ್ತದೆ. ಒಳಗೆ ಹೋಗುವಾಗ ಬಾಗಿಲ ಹೆಸರು ಓದಿ ನೆನಪಿಡಿ.

ಮೆಜೆಸ್ಟಿಕ್‌ನಿಂದ ಹೋಗುವುದಾದರೆ ಹಸಿರು ದಾರಿಯ ಮೆಟ್ರೋ ಹತ್ತಿ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು ಆದ ಮೇಲೆ ನಾಲ್ಕನೇ ನಿಲ್ದಾಣ ಲಾಲ್‌ಬಾಗ್. ಕನ್ನಡದಲ್ಲಿ ಬರೆದಿದೆ, ಕನ್ನಡದಲ್ಲಿ ಕೂಗಿಯೂ ಹೇಳುತ್ತಾರೆ.

ಕಬ್ಬನ್ ಪಾರ್ಕು, ವಿಧಾನಸೌಧ

ನೇರಳೆ ದಾರಿಯ ಮೆಟ್ರೋದಲ್ಲಿ ಮೆಜೆಸ್ಟಿಕ್‌ನಿಂದ ಮೂರನೇ ನಿಲ್ದಾಣ ಕಬ್ಬನ್ ಪಾರ್ಕು. 1870ರಲ್ಲಿ ಈ ಉದ್ಯಾನ ಆಯಿತು. ಸ್ಯಾಂಕಿ ಅನ್ನುವ ಇಂಜಿನಿಯರು ಇದನ್ನು ರೂಪಿಸಿದ. ಕಾಗದ ಪತ್ರದಲ್ಲಿ ಇದರ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಜನರ ಬಾಯಲ್ಲಿ ಕಬ್ಬನ್ ಪಾರ್ಕೇ. ಇಲ್ಲಿ ಟಿಕೇಟಿಲ್ಲ. ಬಿದಿರು ಮೆಳೆಯ ನೆರಳಲ್ಲಿ ಆಸ್ಪತ್ರೆಗೆ ಬಂದವರೂ ಮಲಗಿರುತ್ತಾರೆ, ಕಾಲೇಜಿನ ಹುಡುಗರೂ ಕೂತಿರುತ್ತಾರೆ, ವಕೀಲರೂ ನಡೆಯುತ್ತಿರುತ್ತಾರೆ.

ಪಾರ್ಕಿನ ಒಳಗೆ ಕೆಂಪು ಬಣ್ಣದ ಒಂದು ಕಟ್ಟಡ ಇದೆ. ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಅಲ್ಲಿ ಕೂತು ಪೇಪರು ಓದಬಹುದು. ಹೊಸದಾಗಿ ಓದು ಕಲಿತವರು ಒಳಗೆ ಹೋಗಲು ಸಂಕೋಚ ಪಡುತ್ತಾರೆ. ಬೇಡ. ಚಪ್ಪಲಿ ಸವೆದಿದೆ, ಸೀರೆ ಹಳೆಯದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಮೆಲ್ಲಗೆ, ತುಟಿ ಅಲ್ಲಾಡಿಸಿಕೊಂಡು ಓದಿದರೂ ಓದೇ.

ಲಾಲ್‌ಬಾಗು, ಕಬ್ಬನ್ ಪಾರ್ಕು ಹೇಗೆ ಉಳಿದವು? ದೊಡ್ಡ ಊರಿನಲ್ಲಿ ಒಂದು ಗುಂಟೆ ಜಾಗಕ್ಕೂ ಬಂಗಾರದ ಬೆಲೆ. ಇವನ್ನು ಕಾಪಾಡುವುದಕ್ಕೆ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಬಂತು. ಕಾಯಿದೆ ಒಂದೇ ಸಾಲದು. ಪಾರ್ಕಿನ ಜಾಗಕ್ಕೆ ಕೈ ಹಾಕಿದಾಗೆಲ್ಲ ಅಲ್ಲಿನ ಜನ ಬೀದಿಗೆ ಬಂದು ಕೇಳಿದ್ದಾರೆ. ನಮ್ಮೂರ ಗೋಮಾಳದ ಕತೆ ನೆನಪಾಗುತ್ತದೆ ಅಲ್ಲವೇ?

ಪಾರ್ಕು ದಾಟಿದರೆ ವಿಧಾನಸೌಧ. 1956ರಲ್ಲಿ ಮುಗಿಯಿತು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿದ್ದಾಗ ಕಟ್ಟಿಸಿದ್ದು. ಕಟ್ಟಿದವರಲ್ಲಿ ಕಲ್ಲುಕುಟಿಗರು, ಕೂಲಿಯವರು, ಜೈಲಿನ ಕೈದಿಗಳೂ ಇದ್ದರು. ಭಾನುವಾರ ಸಂಜೆ ಹೋದರೆ ದೀಪದ ಅಲಂಕಾರ ಕಾಣುತ್ತದೆ. ಮುಂದುಗಡೆ ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕು ಪದ ಬರೆದಿದೆ. ರಸ್ತೆಯಲ್ಲಿ ನಿಂತು ಓದಿ:

ಸರ್ಕಾರದ ಕೆಲಸ ದೇವರ ಕೆಲಸ.

"ನಾಳೆ ಬಾ, ನಾಡಿದ್ದು ಬಾ" ಅನ್ನಿಸಿಕೊಂಡು ಕಚೇರಿ ಅಲೆದವರು ಇದನ್ನು ಓದಿ ನಕ್ಕರೆ ತಪ್ಪೇನಿಲ್ಲ. ಓದದೆ ನಗೋಕೆ ಆಗುವುದಿಲ್ಲವಲ್ಲ!

ಕೆರೆ ಹೋದ ಜಾಗ

ಇದನ್ನು ಅಂಜನಾಪುರದವರು ತಿಳಿದುಕೊಳ್ಳಬೇಕು. ನೀವು ಬಸ್ಸಿನಿಂದ ಇಳಿಯುತ್ತೀರಲ್ಲ, ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ, ಅದು ಹಿಂದೆ ಕೆರೆಯಾಗಿತ್ತು. ಧರ್ಮಾಂಬುಧಿ ಅಂತ ಅದರ ಹೆಸರು. ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ. ಸಂಪಂಗಿ ಕೆರೆ ಅಂತ ಇನ್ನೊಂದು ಇತ್ತು. ಅದರ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. ಕೆರೆ ಮುಚ್ಚಿ ಆಟದ ಬಯಲು ಮಾಡಿದರು, ಬಸ್ ಸ್ಟ್ಯಾಂಡು ಮಾಡಿದರು, ಮನೆ ಕಟ್ಟಿದರು. ಈಗ ಬೆಂಗಳೂರು ದೂರದ ಕಾವೇರಿಯಿಂದ ನೀರನ್ನು ಪಂಪು ಮಾಡಿ ಮೇಲೆತ್ತಿ ತರುತ್ತದೆ. ಜೋರು ಮಳೆ ಬಂದರೆ ಹಳೇ ಕೆರೆಯ ತಗ್ಗುಗಳಲ್ಲೇ ನೀರು ನಿಲ್ಲುತ್ತದೆ. ನೀರು ತನ್ನ ಮನೆ ಹುಡುಕಿಕೊಂಡು ಬರುತ್ತದೆ ಅಂತ ಅಲ್ಲಿನ ಹಳಬರು ಹೇಳುತ್ತಾರೆ.

ಕುಮುದ್ವತಿಯ ನೀರಿನಲ್ಲಿ ಭತ್ತ, ಅಡಿಕೆ ಬೆಳೆಯುವವರು ನಾವು. ಬೆಂಗಳೂರಿನ ಚಂದ ನೋಡುವಾಗ ಇದನ್ನೂ ನೋಡಬೇಕು.

ನಾಟಕ, ಹಾಡು, ಪರಿಷೆ

ನಾಟಕದ ರುಚಿ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಇದೆ. 1949ರಲ್ಲಿ ಹುಟ್ಟಿದ ಸಂಘ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1985ರಿಂದ ನೀನಾಸಂ ತಿರುಗಾಟದವರು ಊರೂರಿಗೆ ನಾಟಕ ತೆಗೆದುಕೊಂಡು ಹೋಗುತ್ತಾರೆ. ಹಳ್ಳಿಯ ನಾಟಕ ಪಟ್ಟಣಕ್ಕೆ ಹೋಗುತ್ತದೆ, ಪಟ್ಟಣದವರು ಟಿಕೇಟು ಕೊಂಡು ನೋಡುತ್ತಾರೆ. ಇದು ನಮಗೆ ಹೆಮ್ಮೆ.

ಬೆಂಗಳೂರಿನಲ್ಲಿ ನಾಟಕಕ್ಕೆ ಎರಡು ಜಾಗ ನೆನಪಿಡಿ. ಒಂದು, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಕವಿ ರವೀಂದ್ರನಾಥ ಠಾಕೂರರು ಹುಟ್ಟಿ ನೂರು ವರ್ಷ ತುಂಬಿದ ನೆನಪಿಗೆ ಕಟ್ಟಿದ್ದು. ಅದರ ಹಿಂದೆ ಸಂಸ ಬಯಲು ರಂಗಮಂದಿರ ಇದೆ. ಸಂಸ ಅನ್ನುವುದು ಒಬ್ಬ ನಾಟಕಕಾರರ ಹೆಸರು. ಎರಡು, ಜೆ.ಪಿ. ನಗರದ ರಂಗಶಂಕರ. ನಟ ಶಂಕರನಾಗ್ ನೆನಪಿನಲ್ಲಿ 2004ರಲ್ಲಿ ಶುರುವಾಯಿತು. ಅರುಂಧತಿ ನಾಗ್ ಅವರ ಶ್ರಮ ಅದರ ಹಿಂದಿದೆ. ಅಲ್ಲಿ ಹೊತ್ತು ಮೀರಿ ಹೋದರೆ ಒಳಗೆ ಬಿಡುವುದಿಲ್ಲ. ಊರಿನಲ್ಲಿ ನಾಟಕ ಒಂಬತ್ತಕ್ಕೆ ಅಂದರೆ ಹನ್ನೊಂದಕ್ಕೆ ಶುರುವಾಗುವುದು ವಾಡಿಕೆ. ಆ ಲೆಕ್ಕ ಅಲ್ಲಿ ನಡೆಯದು.

ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ಬೆಂಗಳೂರಿಗೆ ಹೋಗುತ್ತವೆ. ಇಡೀ ರಾತ್ರಿ ಆಟ ಆಗುವುದೂ ಉಂಟು. ಕರಾವಳಿಯವರು, ಸಾಗರ, ಸೊರಬದ ಕಡೆಯವರು ಅಲ್ಲಿ ಸೇರುತ್ತಾರೆ. ಚೆಂಡೆ ಪೆಟ್ಟು ಕೇಳಿದರೆ ಊರಿಗೇ ಬಂದ ಹಾಗಾಗುತ್ತದೆ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಬಯಲಿನಲ್ಲಿ ರಾಮನವಮಿಗೆ ಸಂಗೀತ ನಡೆಯುತ್ತದೆ. 1939ರಿಂದ ಬಂದ ಪದ್ಧತಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಸೇರುತ್ತದೆ. ನಮ್ಮ ಸಂತೆಯಲ್ಲಿ ತರಕಾರಿ ಹರಡಿದ ಹಾಗೆ ಅಲ್ಲಿ ಚಿತ್ರಗಳನ್ನು ಹರಡಿರುತ್ತಾರೆ. ಕೊಳ್ಳದಿದ್ದರೂ ನೋಡಬಹುದು.

ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ಸುತ್ತ ರಾಶಿ ರಾಶಿ ಕಡಲೆಕಾಯಿ. ಹಸಿದು, ಹುರಿದದ್ದು, ಬೇಯಿಸಿದ್ದು. ಹಿಂದೆ ಅಲ್ಲಿ ಕಡಲೆಕಾಯಿ ಹೊಲಗಳಿದ್ದವಂತೆ. ಬಸವ ರಾತ್ರಿ ಬಂದು ಮೇಯುತ್ತಿದ್ದನಂತೆ. ರೈತರು ಗುಡಿ ಕಟ್ಟಿ, ಮೊದಲ ಬೆಳೆ ಕೊಡುತ್ತೇವೆ ಅಂತ ಹರಕೆ ಹೊತ್ತರಂತೆ. ಹೊಲ ಹೋಗಿದೆ, ಹರಕೆ ಉಳಿದಿದೆ. ಈಗ ದೂರದ ಜಿಲ್ಲೆಗಳ ರೈತರು ಗಾಡಿಯಲ್ಲಿ ತಂದು ಮಾರುತ್ತಾರೆ.

ರಾತ್ರಿಯ ಬೆಂಗಳೂರು

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೂರು ವರ್ಷ ಬಿಟ್ಟು ಬೆಂಗಳೂರಿಗೆ ಬಂತು. ಅಂದರೆ ಪಟ್ಟಣದ ರಾತ್ರಿಗೆ ಬೆಳಕು ಕೊಟ್ಟದ್ದೂ ಒಂದು ಹೊಳೆಯೇ.

ಆದರೆ ದೀಪ ಬರುವ ಮುಂಚೆಯೇ ಬೆಂಗಳೂರಿಗೆ ಒಂದು ರಾತ್ರಿ ಇತ್ತು. ಅದು ಕರಗದ ರಾತ್ರಿ.

ಚೈತ್ರ ಮಾಸದ ಹುಣ್ಣಿಮೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ. ತಿಗಳರು ಹೂವು, ತರಕಾರಿ ಬೆಳೆಯುವ ಕಸುಬಿನವರು. ತೋಟದ ಕೆಲಸದಲ್ಲಿ ಪಳಗಿದ ಕೈ ಅವರದು. ಅವರಿಗೆ ದ್ರೌಪದಿಯೇ ಆದಿಶಕ್ತಿ. ಅವರ ಕುಲದ ಒಬ್ಬ ಗಂಡಸು ಹೆಣ್ಣಿನ ವೇಷದಲ್ಲಿ, ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಕರಗ ಹೊತ್ತು ಬರುತ್ತಾನೆ. ಕೈಯಲ್ಲಿ ಹಿಡಿಯುವುದಿಲ್ಲ. ಸುತ್ತ ವೀರಕುಮಾರರು ಬಿಚ್ಚುಗತ್ತಿ ಹಿಡಿದು "ಗೋವಿಂದಾ, ಗೋವಿಂದಾ" ಅನ್ನುತ್ತಾ ಓಡುತ್ತಾರೆ. ನಡುರಾತ್ರಿಯ ಮೇಲೆ ಹೊರಟ ಕರಗ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತದೆ. ದಾರಿಯಲ್ಲಿ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗುತ್ತದೆ. ಅಲ್ಲಿ ಪೂಜೆ ಪಡೆದು ಮುಂದೆ ಹೋಗುತ್ತದೆ. ಇದು ಬಹಳ ಕಾಲದಿಂದ ನಡೆದು ಬಂದಿದೆ. ಯಾರೂ ಭಾಷಣ ಮಾಡಿ ಕಲಿಸಿದ್ದಲ್ಲ.

ಕರಗದ ಪೂಜೆಗೂ ಸಂಪಂಗಿ ಕೆರೆಗೂ ನಂಟು. ಕೆರೆ ಹೋಗಿದೆ. ಸಣ್ಣ ಕೊಳ ಉಳಿದಿದೆ. ಪೂಜೆಯವರು ಇಂದಿಗೂ ಅಲ್ಲಿಗೇ ಹೋಗುತ್ತಾರೆ.

ಈಗ ಇನ್ನೊಂದು ರಾತ್ರಿಯ ಮಾತು. ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಬೀದಿ. ಬಣ್ಣದ ದೀಪ, ಸಂಗೀತ, ಪಬ್ಬುಗಳು. ಪಬ್ಬು ಅಂದರೆ ಹಾಡು ಕೇಳುತ್ತಾ, ತಿನ್ನುತ್ತಾ, ಬೀರು ಕುಡಿಯುವ ಜಾಗ. ಕಂಪನಿ ಕೆಲಸ ಮುಗಿಸಿದ ಹುಡುಗ ಹುಡುಗಿಯರು ಹೋಗುತ್ತಾರೆ. ಅಲ್ಲಿಗೆ ಹೋದವರೆಲ್ಲ ಕೆಟ್ಟವರು ಅಂತ ನಾವು ಹೇಳುವುದಿಲ್ಲ. ಆದರೆ ಕುಡಿತದಿಂದ ಮನೆ ಹಾಳಾದದ್ದನ್ನು ನಮ್ಮ ಊರುಗಳಲ್ಲಿ ಕಣ್ಣಾರೆ ನೋಡಿದ್ದೇವೆ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಎಷ್ಟೋ ಹೆಂಗಸರು ದೇವರಿಗೆ ತುಪ್ಪದ ದೀಪ ಹಚ್ಚಿದರು. ಆಮೇಲೆ ಬೇರೆ ಹೆಸರಿನಲ್ಲಿ ಬಾಟಲಿ ಬಂತು. ಗಾಜಿನ ಲೋಟ ಬದಲಾದರೆ ಒಳಗಿನದು ಬದಲಾಗುವುದಿಲ್ಲ. ಪಬ್ಬಿನ ಒಂದು ಸಂಜೆಯ ಬಿಲ್ಲಿನಲ್ಲಿ ನಮ್ಮ ಮನೆಯ ಹಲವು ದಿನದ ಸಂತೆ ಆಗುತ್ತದೆ ಅನ್ನುವುದೂ ನೆನಪಿರಲಿ.

ದುಡ್ಡು ಕಡಿಮೆ, ಸಂತೋಷ ಹೆಚ್ಚು ಬೇಕು ಅನ್ನುವವರು ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋಗಬಹುದು. ಸಜ್ಜನರಾವ್ ವೃತ್ತದ ಹತ್ತಿರ. ಸಂಜೆಯಾದರೆ ದೋಸೆ, ಹೋಳಿಗೆ, ಪಡ್ಡು. ಚಳಿಗಾಲದಲ್ಲಿ ಅವರೆಕಾಯಿಯದೇ ರಾಜ್ಯ. ನಿಂತುಕೊಂಡೇ ತಿನ್ನಬೇಕು.

ರಾತ್ರಿಯಲ್ಲಿ ದುಡಿಯುವ ಬೆಂಗಳೂರೂ ಇದೆ. ಪಬ್ಬಿನಲ್ಲಿ ಲೋಟ ತೊಳೆಯುವ ಹುಡುಗ, ಬಾಗಿಲು ಕಾಯುವ ಕಾವಲಿನವನು, ಆಸ್ಪತ್ರೆಯ ದಾದಿ. ಕೆ.ಆರ್. ಮಾರುಕಟ್ಟೆಗೆ ಹೂವಿನ ಮೂಟೆಗಳು ನಸುಕಿಗೆ ಮುಂಚೆಯೇ ಬಂದು ಬೀಳುತ್ತವೆ. ಸೇವಂತಿಗೆ, ಕನಕಾಂಬರ, ಸುಗಂಧರಾಜ. ಕೂಗಾಟ, ಚೌಕಾಸಿ. ಬೆಳಗಾಗುವ ಹೊತ್ತಿಗೆ ಪೌರಕಾರ್ಮಿಕರು ಪೊರಕೆ ಹಿಡಿದು ಬೀದಿಗೆ ಇಳಿಯುತ್ತಾರೆ. ಅವರಲ್ಲಿ ಹೆಂಗಸರೇ ಹೆಚ್ಚು. ರಾತ್ರಿ ಅವರು ತಿರುಗಾಡಬಹುದಾದರೆ ನಾವು ನಾಟಕ ನೋಡಿ ಹಿಂದಿರುಗಲು ಹೆದರಬೇಕೇ? ನಮ್ಮ ಉಡುತಡಿಯ ಅಕ್ಕಮಹಾದೇವಿ ಒಬ್ಬಳೇ ಕಲ್ಯಾಣಕ್ಕೆ ನಡೆದು ಹೋದಳು. ಆಗ ಬೀದಿ ದೀಪವೂ ಇರಲಿಲ್ಲ.

ಹಾಗಂತ ಎಚ್ಚರ ಬಿಡಬಾರದು. ಮೆಟ್ರೋ ರಾತ್ರಿ 11 ಗಂಟೆಯ ಸುಮಾರಿಗೆ ನಿಲ್ಲುತ್ತದೆ. ಕೊನೇ ಗಾಡಿಯ ಹೊತ್ತನ್ನು ನಿಲ್ದಾಣದಲ್ಲಿ ಮೊದಲೇ ಕೇಳಿ ಬರೆದುಕೊಳ್ಳಿ. ತೊಂದರೆಯಾದರೆ 112ಕ್ಕೆ ಫೋನು ಮಾಡಿ. ಹೆಂಗಸರಿಗೆ 181 ಕೂಡ ಇದೆ. ಎರಡಕ್ಕೂ ದುಡ್ಡಿಲ್ಲ.

ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಜನ ಒತ್ತಿ ಬಂದರೆ ಹಿಂದೆ ಸರಿಯಿರಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ 11 ಜನ ಸತ್ತರು. ಗೆದ್ದ ಕ್ರಿಕೆಟ್ ತಂಡವನ್ನು ನೋಡೋಕೆ ಬಂದವರು ಅವರು. ಮಕ್ಕಳ ಜೇಬಿನಲ್ಲೂ ವಿಳಾಸದ ಚೀಟಿ ಇಡಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಒಂದು ಜಾಗ ಗೊತ್ತು ಮಾಡಿ.

ಆಟೋ ಲೆಕ್ಕ

2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಆಟೋ ದರ ಹೀಗೆ ನಿಗದಿಯಾಯಿತು. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ. ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು.

5 ಕಿಲೋಮೀಟರು ಹೋಗಬೇಕು ಅನ್ನಿ.
ಮೊದಲ 2 ಕಿಲೋಮೀಟರಿಗೆ: 36 ರೂಪಾಯಿ
ಉಳಿದ 3 ಕಿಲೋಮೀಟರಿಗೆ: 18 + 18 + 18 = 54 ರೂಪಾಯಿ
ಹಗಲಿನಲ್ಲಿ ಒಟ್ಟು: 36 + 54 = 90 ರೂಪಾಯಿ
ರಾತ್ರಿಯಲ್ಲಿ: 90 + 45 = 135 ರೂಪಾಯಿ

ರಾತ್ರಿ 9 ಗಂಟೆಗೆ "ಒಂದೂವರೆ ಕೊಡಿ" ಅಂದರೆ ಗಡಿಯಾರ ತೋರಿಸಿ. "ಅಣ್ಣಾ, ಇನ್ನೂ ಹತ್ತು ಆಗಿಲ್ಲ, ಮೀಟರ್ ಹಾಕಿ" ಅನ್ನಿ. ಜಗಳ ಬೇಡ. ಒಪ್ಪದಿದ್ದರೆ ಬೇರೆ ಆಟೋ ನೋಡಿ. ದರ ಮತ್ತೆ ಬದಲಾದರೆ ಹೊಸ ದರ ಕೇಳಿ ತಿಳಿದು ಇದೇ ಲೆಕ್ಕ ಮಾಡಿ.

ಎರಡು ಅಂಜನಾಪುರ

ಊರಿಗೆ ಹೊರಡುವಾಗ ಒಂದು ತಮಾಷೆ ಆಗಬಹುದು. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಕಡೆ, ಅಂಜನಾಪುರ ಅನ್ನುವ ಬಡಾವಣೆಯೇ ಇದೆ. ಸಿಟಿ ಬಸ್ಸಿನ ಬೋರ್ಡಿನಲ್ಲಿ "ಅಂಜನಾಪುರ" ಅಂತ ಬರೆದಿರುತ್ತದೆ. ನಮ್ಮ ಅಜ್ಜಿಯೊಬ್ಬರು ಅದನ್ನು ಓದಿ ಖುಷಿಯಿಂದ ಹತ್ತಿ ಕೂತರು ಅಂದುಕೊಳ್ಳಿ.

"ಎಲ್ಲಿಗೆ ಅಜ್ಜಿ?"

"ಅಂಜನಾಪುರಕ್ಕೆ ಕಣಪ್ಪಾ. ಬೋರ್ಡಲ್ಲಿ ಬರೆದಿದೀರಲ್ಲ, ನಾನೇ ಓದಿದೆ."

"ಚೀಲ ನೋಡಿದ್ರೆ ದೂರದೂರಿನವರ ಥರ ಕಾಣ್ತೀರಿ. ಯಾವ ಅಂಜನಾಪುರ?"

"ಇರೋದೇ ಒಂದು. ಶಿಕಾರಿಪುರದ ಹತ್ರ, ಡ್ಯಾಮು ಇರೋದು."

"ಅಯ್ಯೋ ಅಜ್ಜಿ, ಅದಕ್ಕೆ ಕೆಂಪು ಬಸ್ಸು ಹತ್ತಬೇಕು. ಆ ಕಡೆ ಸ್ಟ್ಯಾಂಡಿಗೆ ಹೋಗಿ. ಶಿಕಾರಿಪುರ ಅಂತ ಬೋರ್ಡು ಇರುತ್ತೆ ನೋಡಿ."

ಅಜ್ಜಿ ಇಳಿದರು. ಈ ಸಲ ಬೋರ್ಡಿನ ಅಕ್ಷರಗಳನ್ನೆಲ್ಲ ಓದಿದರು. ಬೆಂಗಳೂರು, ತುಮಕೂರು, ಶಿವಮೊಗ್ಗ, ಶಿಕಾರಿಪುರ. ಚೀಲದಿಂದ ಗುರುತಿನ ಚೀಟಿ ತೆಗೆದು, ಹುರಿದ ಕಡಲೆಕಾಯಿ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು, ಕಿಟಕಿ ಪಕ್ಕ ಕೂತರು.

ಓದಿ, ಮಾತಾಡಿ, ಬರೆಯಿರಿ

1. ಮೆಜೆಸ್ಟಿಕ್‌ನಿಂದ ಲಾಲ್‌ಬಾಗಿಗೆ ಯಾವ ಬಣ್ಣದ ದಾರಿಯ ಮೆಟ್ರೋ? ಎಷ್ಟನೇ ನಿಲ್ದಾಣ?

2. ರಾತ್ರಿ 11 ಗಂಟೆಗೆ 4 ಕಿಲೋಮೀಟರು ಆಟೋದಲ್ಲಿ ಹೋದರೆ ಎಷ್ಟು ಕೊಡಬೇಕು? ಲೆಕ್ಕ ಮಾಡಿ.

3. ನಿಮ್ಮೂರಿನಲ್ಲಿ ಮುಚ್ಚಿಹೋದ ಕೆರೆ, ಕಟ್ಟೆ ಇದೆಯೇ? ಅದರ ಹೆಸರೇನು? ಊರಿನ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ.

4. ನಿಮ್ಮ ವಿಳಾಸದ ಚೀಟಿಯನ್ನು ಇಲ್ಲಿ ಬರೆಯಿರಿ:

ಹೆಸರು ..............................
ಊರು ..............................
ತಾಲ್ಲೂಕು ..............................
ಜಿಲ್ಲೆ ..............................
ಫೋನ್ ನಂಬರು ..............................